ಹೆದೆಯೇರದ ಕೊಂಬಿನ ಬಿಲ್ಲು

ನನಗೆ ಬಿಲ್ಲಿನ ಹುಚ್ಚ ಅಂತ ಹೆಸರಿಟ್ಟವನು ನನ್ನ ಸ್ವಂತ ಅಣ್ಣ. ಮಧುಗಿರಿ ಪೇಟೆಯಲ್ಲಿ ನಮ್ಮದೊಂದು ಜವಳಿ ಅಂಗಡಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಅಣ್ಣ ಕೂತ, ಗಜಕಡ್ಡಿ ಹಿಡಿದು ಬಟ್ಟೆ ಅಳೆಯಲು ನಾನು ನಿಂತೆ. ಗಿರಾಕಿಗಳ ಎದುರೇ ಅವನು, "ಇವನ ಕೈಗೆ ಸೀರೆ ಕೊಡಬ್ಯಾಡಿ, ಹೆದೆ ಎಳ್ದಂಗೆ ಎಳ್ದು ಹರಿದಾಕ್ತಾನೆ" ಅಂತ ನಗುತ್ತಿದ್ದ. ಗಿರಾಕಿಗಳೂ ನಗುತ್ತಿದ್ದರು. ಇವತ್ತಿಗೂ ಆ ನಗು ನೆನಪಾದರೆ ನನಗೆ ಮೈ ಉರಿಯುತ್ತದೆ. ಉರಿಯಲಿ ಬಿಡಿ. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಿಬಿಡಬೇಕು ಅಂತ ಊರಿನ ದೊಡ್ಡವರು ಹೇಳುತ್ತಾರೆ. ಅವರ ಮನೆಯದು ಏನೂ ಮುರಿದಿಲ್ಲ, ಅದಕ್ಕೆ ಹೇಳುತ್ತಾರೆ.

ಬಿಲ್ಲು ಅಂದರೆ ನಮ್ಮ ಜನಕ್ಕೆ ಗೊತ್ತಿದ್ದದ್ದು ಎರಡೇ. ಒಂದು, ಅರಳೆ ಹಿಂಜುವವರು ಹೆಗಲ ಮೇಲೆ ಹೊತ್ತು ತರುವ ಬಿಲ್ಲು. ಇನ್ನೊಂದು, ವಿಜಯದಶಮಿಗೆ ಬಣ್ಣದ ಕಾಗದ ಸುತ್ತಿದ ಬಿದಿರಿನ ಬಿಲ್ಲು. ನಾನು ಹುಡುಕಿದ್ದು ಇವೆರಡೂ ಅಲ್ಲ. ಪಾಳೇಗಾರರು ಇದ್ದಾಗ, ಸಿರಾದಲ್ಲಿ ನವಾಬರ ದರ್ಬಾರು ನಡೆಯುತ್ತಿದ್ದಾಗ, ಕುದುರೆಯ ಮೇಲೆ ಕೂತು ಹೊಡೆಯಲೆಂದು ಮಾಡಿದ ಗಿಡ್ಡ ಬಿಲ್ಲುಗಳು ನನಗೆ ಬೇಕಿದ್ದವು. ಅವುಗಳ ಒಳಮೈಗೆ ಎಮ್ಮೆಯ ಕೊಂಬು, ನಡುವೆ ತೆಳ್ಳನೆಯ ಮರ, ಹೊರಮೈಗೆ ಪ್ರಾಣಿಯ ನರದ ಎಳೆಗಳು. ಮೂರನ್ನೂ ಒಂದಾಗಿ ಹಿಡಿದಿಡುವುದು ಸರೇಸು, ಅಂದರೆ ಚರ್ಮವನ್ನು ಬೇಯಿಸಿ ತೆಗೆದ ಅಂಟು. ಒಂದು ಮಳೆಗಾಲದಲ್ಲಿ ಕೈಗೆತ್ತಿಕೊಂಡರೆ ಇನ್ನೊಂದು ಮಳೆಗಾಲ ಕಳೆದ ಮೇಲೇ ಅದು ಬಿಲ್ಲಾಗುತ್ತಿತ್ತಂತೆ. ಅಷ್ಟು ನಿಧಾನವಾಗಿ ಒಣಗಬೇಕು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಕೊರಟಗೆರೆ ಸೀಮೆಯಲ್ಲಿ, ಸಿದ್ದರಬೆಟ್ಟದ ತಪ್ಪಲಿನ ಒಂದು ಹಟ್ಟಿಯಲ್ಲಿ, ಹೀರೆಬಳ್ಳಿ ಹಬ್ಬಿಸಲು ಇಂಥದ್ದೊಂದು ಬಿಲ್ಲನ್ನು ನೆಲಕ್ಕೆ ಹೂತಿದ್ದರು. ಕೇಳಿದ ಕೂಡಲೇ ಕಿತ್ತು ಕೊಟ್ಟುಬಿಟ್ಟರು, ಬದಲಿಗೆ ಒಂದು ಗೂಟ ತಂದು ನೆಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಮನೆಗೆ ತಂದು ಮಣ್ಣು ಒರೆಸಿದಾಗ ಕೊಂಬು ಒಂದು ಕಡೆ, ಮರ ಒಂದು ಕಡೆ ಬಿಟ್ಟುಕೊಂಡಿತ್ತು. ನಡುವಿನ ಮರದ ಮೈಗೂ ಕೊಂಬಿನ ಒಳಮೈಗೂ ಉದ್ದಕ್ಕೆ ಸಣ್ಣ ಸಣ್ಣ ಗೀರುಗಳಿದ್ದವು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂರುವ ಹಾಗೆ ಗೀರಿದ್ದ ಪುಣ್ಯಾತ್ಮ. ಬಿಲ್ಲು ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗವದು. ಯಾರೂ ನೋಡದ ಕಡೆ ಇಷ್ಟು ಚೊಕ್ಕ ಕೆಲಸ ಮಾಡಿದ್ದಾನಲ್ಲ ಅಂತ ನಾನು ಬೆರಳಿಟ್ಟು ಸವರುತ್ತಾ ಕೂತೆ. ಅಣ್ಣ ಬಂದು ನೋಡಿ, "ಸತ್ತ ಎಮ್ಮೆ ತಂದು ಸವರ್ತಾ ಕೂತವ್ನೆ" ಅಂದು ಒಳಗೆ ಹೋದ.

ಆಮೇಲೆ ಇನ್ನೂ ಕೆಲವು ಸಿಕ್ಕವು. ಒಂದಕ್ಕೆ ಗೆದ್ದಲು ಹಿಡಿದಿತ್ತು, ಒಂದರ ತುದಿಯೇ ಇರಲಿಲ್ಲ. ನನ್ನ ಕೋಣೆಯ ಗೋಡೆಯ ಮೇಲೆ ಇದ್ದವೆಲ್ಲ ಹೆಣಗಳು. ಒಂದಾದರೂ ಜೀವ ಇರುವ ಬಿಲ್ಲು ಸಿಗಬೇಕು, ಅದಕ್ಕೆ ಹೆದೆ ಏರಿಸಬೇಕು, ಒಂದೇ ಒಂದು ಬಾಣ ಬಿಡಬೇಕು ಅನ್ನುವುದು ನನ್ನ ಆಸೆ. ಮದುವೆ ಮಾಡಿಕೋ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದವನು ಬಿಲ್ಲಿದೆ ಅಂದರೆ ಊಟ ಬಿಟ್ಟು ಓಡುತ್ತಿದ್ದೆ.

ಜೀವವಿದ್ದ ಬಿಲ್ಲು ಸಿಕ್ಕಿದ್ದು ಸಿರಾದಲ್ಲಿ. ಅಲ್ಲಿನ ಕೋಟೆಯ ಹತ್ತಿರದ ಓಣಿಯಲ್ಲಿ ಒಬ್ಬ ಮುದುಕನಿದ್ದ. ಅವನ ಹಿರಿಯರು ಬಿಲ್ಲು ಮಾಡುವವರು. ಅವನು ಮಾತ್ರ ಬಿಲ್ಲು ಮಾಡಿದವನಲ್ಲ, ಜೀವನವಿಡೀ ತಗಡಿನ ಪೆಟ್ಟಿಗೆ ಬೆಸೆದವನು. ಆದರೆ ಜಂಬ ಕೇಳಬೇಡಿ! "ನಮ್ಮ ದಾದಾ ಕೋಟೆ ಮೇಲೆ ನಿಂತು ಬಿಟ್ರೆ ಬಾಣ ಕೆರೆ ಏರಿ ದಾಟಿ ಬೀಳ್ತಿತ್ತು ಸಾವ್ಕಾರ್ರೆ" ಅಂದ ಮೊದಲ ದಿನ. ಮುಂದಿನ ಸಲ ಹೋದಾಗ ಆ ಬಾಣ ಕೆರೆಯ ಆಚೆ ದಡವನ್ನೂ ದಾಟಿತ್ತು. ನಾನು ನಕ್ಕರೆ ಸಿಟ್ಟಾಗಿ, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಚಹಾ ತರಿಸಿದರೆ ಮತ್ತೆ ತಿರುಗುತ್ತಿದ್ದ.

ಅವನು ಹಳೆಯ ಪಂಚೆಯ ಸುತ್ತು ಬಿಚ್ಚಿ ತನ್ನ ಅಪ್ಪನ ಬಿಲ್ಲನ್ನು ನನ್ನ ತೊಡೆಯ ಮೇಲೆ ಇಟ್ಟ ದಿನ ನಾನು ಮುಂದಿದ್ದ ಚಹಾ ಆರಲು ಬಿಟ್ಟೆ. ಒಳಮೈಯ ಕೊಂಬು ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹೊರಮೈಗೆ ಹಸಿರು ಅರಗು, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ. ಹಿಡಿಯ ಹತ್ತಿರ ಮತ್ತು ತುದಿಗಳಲ್ಲಿ ಆ ಬಳ್ಳಿಗೆ ಹೂವಿತ್ತು. ಹೆಚ್ಚು ಬಾಗುವ ಜಾಗದಲ್ಲಿ ಬರೀ ಎಳೆ, ಹೂವಿಲ್ಲ. ದಪ್ಪಗೆ ಬಣ್ಣ ಕೂತರೆ ಬಾಗುವಾಗ ಬಿರಿಯುತ್ತದೆ ಅಂತ ಬರೆದವನು ಅಲ್ಲಿ ಕೈ ಬಿಗಿಹಿಡಿದಿದ್ದ. ಎಷ್ಟು ಸಲ ಬಾಗಿತ್ತೋ ಆ ಬಿಲ್ಲು, ಬಳ್ಳಿಯಲ್ಲಿ ಒಂದು ಬಿರುಕೂ ಇರಲಿಲ್ಲ.

ಹೆದೆ ಇಲ್ಲದಾಗ ಈ ಬಿಲ್ಲು ನೋಡುವವರಿಗೆ ಮೋಸ ಮಾಡುತ್ತದೆ. ನಮ್ಮ ಬಿದಿರಿನ ಬಿಲ್ಲು ಹೆದೆ ಬಿಚ್ಚಿದರೆ ನೆಟ್ಟಗಾಗುತ್ತದೆ. ಇದು ಹಾಗಲ್ಲ, ಹೆದೆ ಬಿಚ್ಚಿದ ಕೂಡಲೇ ಎದುರು ದಿಕ್ಕಿಗೆ ಮುದುಡಿಕೊಳ್ಳುತ್ತದೆ, ಎರಡು ತುದಿಗಳೂ ಏಡಿಯ ಇಕ್ಕಳದ ಹಾಗೆ ಹತ್ತಿರ ಬರುತ್ತವೆ. ಗೊತ್ತಿಲ್ಲದವನು ನೋಡಿದರೆ, ಬಿಲ್ಲು ಬಾಗಿಯೇ ಇದೆಯಲ್ಲ, ದಾರ ಕಟ್ಟಿದರೆ ಆಯಿತು ಅಂದುಕೊಳ್ಳುತ್ತಾನೆ. ಮುದುಕ ನನ್ನ ಕೈ ಹಿಡಿದು ತೋರಿಸಿದ. "ಇದು ಉಲ್ಟಾ ಮಲಗೈತೆ ನೋಡಿ. ಕೆಂಡದ ಮೇಲೆ ದೂರದಿಂದ ಬಿಸಿ ತೋರಿಸ್ಬೇಕು. ಒಬ್ರು ಹಿಡೀಬೇಕು, ಒಬ್ರು ಮೊಣಕಾಲು ಕೊಟ್ಟು ಹಿಂದಕ್ಕೆ ತಿರುಗಿಸ್ಬೇಕು. ಹಸಿರು ಮೈ ಆಚೆ ಬರ್ಬೇಕು, ಕರೀದು ನಿಮ್ ಕಡೆ. ಮಲಗಿರೋ ಕಡೇನೇ ಹೆದೆ ಕಟ್ಟಿ ಎಳೆದ್ರೆ ಖತಂ. ಆಮೇಲೆ ಒಲೆಗೆ ಹಾಕೋಕೂ ಆಗಲ್ಲ, ವಾಸನೆ ಬರ್ತದೆ."

ಅವನ ಅಪ್ಪ ಸತ್ತ ಮೇಲೆ ಆ ಬಿಲ್ಲಿಗೆ ಹೆದೆ ಏರಿರಲಿಲ್ಲ. ಅವನಿಗೆ ಭುಜ ಏಳುತ್ತಿರಲಿಲ್ಲ. ಮಕ್ಕಳನ್ನು ಕರೆದರೆ ಅವರು ಕೆಲಸ ಇಲ್ವಾ ನಿನಗೆ ಅನ್ನುತ್ತಿದ್ದರಂತೆ. "ನಾನು ಚಿಕ್ಕೋನಿದ್ದೆ," ಅಂದ. "ನಮ್ಮ ಅಬ್ಬಾ ಕೆರೆ ಏರಿ ಮೇಲೆ ನಿಂತು ಬಾಣ ಬಿಟ್ರು. ಆ ಆವಾಜು ಇನ್ನೂ ಕಿವೀಲೈತೆ. ಸಾಯೋಕೆ ಮುಂಚೆ ಇನ್ನೊಂದು ಸಲ ಕೇಳ್ಬೇಕು, ಅಷ್ಟೇ. ಆಮೇಲೆ ನೀವೇ ಇಟ್ಕೊಳ್ಳಿ." ಜಂಬದ ಮುದುಕ ಆವತ್ತು ಮಾತ್ರ ಜಂಬ ಮಾಡಲಿಲ್ಲ.

ಆದರೆ ಬಿಲ್ಲಿಗೆ ಥಂಡಿ ಹತ್ತಿತ್ತು. ಅವನ ಮನೆಯ ಹೆಂಚು ಸೋರುತ್ತಿತ್ತು, ಒಲೆ ಉರಿಯುತ್ತಿದ್ದದ್ದು ಒಂದೇ ಹೊತ್ತು. "ನಿಮ್ದು ದೊಡ್ಡ ಸಂಸಾರ, ದಿನವೆಲ್ಲಾ ಒಲೆ ಉರೀತದೆ. ಒಲೆ ಮ್ಯಾಲಿನ ಅಟ್ಟದಲ್ಲಿ ಇಡಿ. ದೀಪಾವಳಿ ಮುಗಿದ ಮ್ಯಾಲೆ, ಒಣಗಾಳಿ ಬಿಟ್ಟಾಗ ತಗೊಂಡು ಬನ್ನಿ. ಅಷ್ಟರಲ್ಲಿ ನಾನು ರೇಷ್ಮೆ ಹೆದೆ ಹೊಸೀತೀನಿ, ಇಬ್ರೂ ಸೇರಿ ಏರಿಸೋಣ. ನೀರು ಮಾತ್ರ ತಾಗಿಸ್ಬೇಡಿ. ನೀರು ತಾಗಿದ್ರೆ ಸರೇಸು ಬಿಟ್ಕೊಳ್ತದೆ." ಹೀಗೆ ಹೇಳಿ, ಹಗ್ಗದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. ಮೋಟಾರು ಹೊರಡುವ ತನಕ ಪಕ್ಕದಲ್ಲೇ ನಿಂತು ಕಟ್ಟನ್ನು ನೋಡುತ್ತಿದ್ದ.

ನಮ್ಮದು ಲಿಂಗ ಕಟ್ಟಿದವರ ಮನೆ. ಅಡುಗೆಮನೆಗೆ ಎಮ್ಮೆಯ ಕೊಂಬು, ನರ, ಚರ್ಮದ ಅಂಟು ತಂದರೆ ಏನು ರಾದ್ಧಾಂತ ಆಗಬಹುದು ಅಂತ ನನಗೆ ಹೆದರಿಕೆ ಇತ್ತು. ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು, "ದೇವ್ರ ಮುಂದೆ ಬಾರ್ಸೋ ಮದ್ಲೆ ಚರ್ಮದ್ದಲ್ವೇನಪ್ಪ? ಇರ್ಲಿ ಬುಡು, ಹುಣಸೆಹಣ್ಣಿನ ಕುಕ್ಕೆ ಪಕ್ಕ ಕಟ್ಟು" ಅಂದಳು. ನನ್ನ ಅವ್ವನ ಬಗ್ಗೆ ಆವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಷಾಢ, ಶ್ರಾವಣ, ಭಾದ್ರಪದ ಪೂರ್ತಿ ಬಿಲ್ಲು ಅಟ್ಟದಲ್ಲಿ ಒಣಗಿತು. ದಿನಾ ಊಟಕ್ಕೆ ಕೂತಾಗ ತಲೆ ಎತ್ತಿ ನೋಡುತ್ತಿದ್ದೆ. ಥಂಡಿ ಇಳಿದಂತೆಲ್ಲ ತುದಿಗಳು ಇನ್ನಷ್ಟು ಒಳಗೆ ಮುದುಡಿಕೊಂಡವು. ಬಿಲ್ಲಿಗೆ ಬಲ ಬರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಅಣ್ಣನೂ ಅಲ್ಲೇ ಕೂತು ಉಣ್ಣುತ್ತಿದ್ದ. ಯಾವ ಕಡೆಗೆ ತಿರುಗಿಸಬೇಕು, ನೀರು ಯಾಕೆ ತಾಗಬಾರದು ಅಂತ ನಾನು ಅವ್ವನಿಗೆ ಹೇಳುವುದೆಲ್ಲ ಅವನ ಕಿವಿಗೂ ಬೀಳುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ ಅಂತ ಯಾರೂ ನನ್ನ ಹತ್ತಿರ ಹೇಳಬಾರದು.

ಈಗ ನಮ್ಮ ಮನೆಗೆ ಊರು ಕೊಡುವ ಒಂದು ಮರ್ಯಾದೆಯ ವಿಷಯ ಹೇಳಬೇಕು. ವಿಜಯದಶಮಿಯ ಸಂಜೆ ನಮ್ಮೂರಲ್ಲಿ ದೇವರ ಪಲ್ಲಕ್ಕಿ ಬನ್ನಿಮರದ ಹತ್ತಿರ ಹೋಗುತ್ತದೆ. ಅಲ್ಲಿ ಒಂದು ಬಾಳೆಕಂದು ನೆಟ್ಟಿರುತ್ತಾರೆ. ಅದಕ್ಕೆ ಅಂಬು ಹೊಡೆಯುವುದು ನಮ್ಮ ಮನೆತನದ ಹಿರಿಯನ ಹಕ್ಕು. ಅಪ್ಪ ಬಿದಿರಿನ ಬಿಲ್ಲಿನಲ್ಲಿ ಹೊಡೆಯುತ್ತಿದ್ದ, ಅಣ್ಣನೂ ಹಾಗೇ ಹೊಡೆದುಕೊಂಡು ಬಂದಿದ್ದ. ಆ ವರ್ಷ ಹೊಸ ಅಮಲ್ದಾರರು ಬಂದಿದ್ದರು, ಉತ್ಸವಕ್ಕೆ ತಾವೂ ಬರುತ್ತೇವೆಂದು ಹೇಳಿ ಕಳಿಸಿದ್ದರು. ಅಣ್ಣ ಹೊಸ ಜರಿಪೇಟ ಕಟ್ಟಿಸಿದ. ನನ್ನ ಹತ್ತಿರ ಒಂದು ಸಲ ಮಾತ್ರ, "ಆ ಬಿಲ್ಲು ಕೊಟ್ರೆ ಏನ್ ಸವೆದೋಯ್ತದ್ಲಾ?" ಅಂದ. ಅದು ನನ್ನದಲ್ಲ, ಸಿರಾದ ಸಾಬರದು, ಹೆದೆಯೂ ಇಲ್ಲ, ಹಬ್ಬಕ್ಕೆ ಕೊಡೋದಿಲ್ಲ ಅಂದೆ. ಅವನು ಸುಮ್ಮನಾದ. ಅಣ್ಣ ಸುಮ್ಮನಾದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಹಬ್ಬದ ಹತ್ತಿರ ಅಂಗಡಿಯಲ್ಲಿ ಬಲು ನಯವಾಗಿ ಕರೆದ. "ಪಾವಗಡದಾಗೆ ಒಂದು ಹಳೇ ರೆಡ್ಡೇರ ಮನೇಲಿ ನಿನ್ನಂಥದ್ದೇ ಬಿಲ್ಲು ಐತಂತೆ ಕಣ್ಲಾ. ಹಬ್ಬ ಆದ್ಮೇಲೆ ಮನೆ ಕೆಡವ್ತಾರಂತೆ. ಈಗ್ಲೇ ಹೋಗಿ ನೋಡ್ಕಂಡು ಬಾ, ಅಂಗಡಿ ನಾನು ನೋಡ್ಕಂತೀನಿ" ಅಂದ. ಬಾಳಿನಲ್ಲಿ ಮೊದಲ ಸಲ ಅವನ ಬಾಯಲ್ಲಿ ನನ್ನ ಹುಚ್ಚಿನ ಮಾತು ನಗು ಇಲ್ಲದೆ ಬಂದಿತ್ತು. ಅಣ್ಣನಿಗೆ ಕೊನೆಗೂ ನಾನು ಅರ್ಥವಾದೆ ಅಂತ ಹಿಗ್ಗಿ ಹೀರೆಕಾಯಿಯಾದೆ. ಬುತ್ತಿ ಕಟ್ಟಿಸಿಕೊಂಡು ಮಹಾನವಮಿಯ ಹಿಂದಿನ ದಿನ ಮೋಟಾರು ಹತ್ತಿದೆ.

ರಾತ್ರಿ ಛತ್ರದಲ್ಲಿ ಮಲಗಿ ಬೆಳಿಗ್ಗೆ ಹುಡುಕಿದರೆ, ಪಾವಗಡದಲ್ಲಿ ಆ ಮನೆ ಇತ್ತು. ಕೆಡವುವ ಮಾತೇ ಇರಲಿಲ್ಲ, ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದರು. ಮನೆಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ತೆಲುಗು ಬೆರೆಸಿ, "ಬಿಲ್ಲಾ? ಏಂ ಬಿಲ್ಲು ನಾಯನಾ? ನಮ್ಮಿಂಟ್ಲೋ ಅಂಥದ್ದು ಯಾವತ್ತೂ ಇಲ್ವಪ್ಪಾ" ಅಂದಳು. ದೂರದಿಂದ ಬಂದವನು ಅಂತ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿಯುತ್ತಾ ಕುಡಿಯುತ್ತಾ ನನಗೆ ಹೊಳೆಯಿತು. ಬಿಲ್ಲು ಅಟ್ಟದಲ್ಲಿದೆ, ನಾನು ಊರಲ್ಲಿಲ್ಲ. ಲೋಟ ಅಲ್ಲೇ ಇಟ್ಟು ಓಡಿದೆ. ಆವತ್ತು ಮಹಾನವಮಿ, ಆಯುಧಪೂಜೆ. ಮೋಟಾರಿನವನು ಗಾಡಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಇವತ್ತು ಗಾಡಿ ಕದಲೋದಿಲ್ಲ ಅಂದ. ಕೈಮುಗಿದೆ, ಕೂಗಾಡಿದೆ, ಏನೂ ನಡೆಯಲಿಲ್ಲ. ಮರುದಿನ ಹೊರಟ ಗಾಡಿ ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿತು. ಮಧುಗಿರಿಯಲ್ಲಿ ಇಳಿದಾಗ ಹೊತ್ತು ಇಳಿದಿತ್ತು, ಬನ್ನಿಮರದ ಕಡೆಯಿಂದ ತಮಟೆ ಕೇಳುತ್ತಿತ್ತು. ಮನೆಗೆ ಹೋಗದೆ ನೇರವಾಗಿ ಅಲ್ಲಿಗೆ ಓಡಿದೆ.

ಅಣ್ಣ ಜರಿಪೇಟದಲ್ಲಿ ನಿಂತಿದ್ದ. ಅವನ ಕೈಯಲ್ಲಿ ಬಿಲ್ಲು, ಬಿಲ್ಲಿನ ಮೈಮೇಲೆ ವಿಭೂತಿಯ ಪಟ್ಟೆ, ಕುಂಕುಮ, ಚೆಂಡುಹೂವು. ಆಯುಧಪೂಜೆಗೆ ಅಂಗಡಿಯ ಗಜಕಡ್ಡಿ, ಕತ್ತರಿಗಳ ಜೊತೆ ಅದನ್ನೂ ಬಾವಿಕಟ್ಟೆಯ ಮೇಲಿಟ್ಟು, ಬಿಂದಿಗೆ ನೀರು ಸುರಿದು, ಸೀಗೆಪುಡಿ ಹಾಕಿ ಉಜ್ಜಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಆ ಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಆಚೆ ಇರಬೇಕಾದ ಹಸಿರು ಮೈ ಅವನ ಕಡೆಗಿತ್ತು, ಕರಿಯ ಕೊಂಬು ಜನರ ಕಡೆಗಿತ್ತು. ಬಿಲ್ಲು ಮಲಗಿದ್ದ ದಿಕ್ಕಿಗೇ, ಕೊಡ ಸೇದುವ ಹಗ್ಗದ ಎಳೆಯನ್ನು ಹೆದೆ ಅಂತ ಕಟ್ಟಿದ್ದ. ಅಮಲ್ದಾರರಿಗೆ ಅದನ್ನು ತೋರಿಸುತ್ತಾ, "ಇದುಕ್ಕೆ ಹೆದೆ ಕಟ್ಟಾಕೆ ಸಿರಾಕ್ಕೋಗ್ಬೇಕು ಅಂತಿದ್ದ ಸ್ವಾಮಿ ನಮ್ಮ ತಮ್ಮ. ನಾನು ಒಬ್ನೇ ಕೂತು ಕಟ್ಟಾಕ್ಬುಟ್ಟೆ" ಅನ್ನುತ್ತಿದ್ದ.

"ಅಣ್ಣಾ, ಎಳೀಬ್ಯಾಡ! ಉಲ್ಟಾ ಕಟ್ಟಿದ್ದೀಯ, ಎಳೀಬ್ಯಾಡ!" ಅಂತ ಕಿರುಚಿದೆ. ಅವನು ತಿರುಗಿ ನನ್ನನ್ನು ನೋಡಿದ. ನೋಡಿದ ಅನ್ನುವುದಕ್ಕೆ ಆ ಬನ್ನಿಮರವೇ ಸಾಕ್ಷಿ. ಪಕ್ಕದವರು ನನ್ನ ಕೂಗನ್ನು ಉತ್ಸಾಹ ಅಂದುಕೊಂಡು ತಾವೂ ಕೂಗಿದರು, ತಮಟೆ ಇನ್ನೂ ಜೋರಾಯಿತು. ಅಣ್ಣ ಎಳೆದ. ಬಿಲ್ಲು ಅವನ ಕೈಯಲ್ಲೇ ಸೀಳಿತು. ಕೊಂಬು ಹಿಡಿಯಿಂದ ಮೇಲಕ್ಕೆ ಎದ್ದು ಬಂತು, ಮರ ಮುರಿಯಿತು, ಬಾಣ ಅವನ ಕಾಲಬುಡದಲ್ಲೇ ಬಿತ್ತು.

ತಮಟೆ ನಿಂತಿತು. ಅಪಶಕುನ ಅಂತ ಯಾರೋ ಅಂದರು. ಅಣ್ಣ ಗಲಿಬಿಲಿಗೊಳ್ಳಲೇ ಇಲ್ಲ. ಪಕ್ಕಕ್ಕೆ ಕೈಚಾಚಿದ, ಯಾರೋ ಬಿದಿರಿನ ಬಿಲ್ಲು ಕೊಟ್ಟರು. ಅದನ್ನೂ ಸಿದ್ಧ ಮಾಡಿ ತಂದಿಟ್ಟಿದ್ದ ಮಹಾರಾಯ. ಅಂಬು ಹೊಡೆದ, ಬಾಳೆಕಂದಿಗೆ ತಾಗಿತು, ಜನ ಜೈಕಾರ ಹಾಕಿ ಬನ್ನಿಗೆ ಮುಗಿಬಿದ್ದರು. ಆ ತುಳಿದಾಟದಲ್ಲಿ ನಾನು ಮಂಡಿಯೂರಿ ಚೂರುಗಳನ್ನು ಆರಿಸಿ ಪಂಚೆಯ ಸೆರಗಿಗೆ ಹಾಕಿಕೊಂಡೆ. ಸರೇಸು ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು.

ಮನೆಯಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ. "ನಾನೇ ಇಳ್ಸಿಕೊಟ್ಟೆ ಕಣಪ್ಪ," ಅಂದಳು. "ಮನೆಗೆ ದೊಡ್ಡೋನು, ಅವ್ನು ಕೇಳ್ದಾಗ ಇಲ್ಲ ಅನ್ನಕ್ಕಾಯ್ತದಾ? ನೀರು ಹಾಕ್ಬ್ಯಾಡ ಅಂದೆ. ತೊಳೀದೆ ಪೂಜೆ ಮಾಡದು ಯಾವ ಸೀಮೆ ಪದ್ಧತಿ ಅಂದ." ಅಣ್ಣನ ಮೇಲೆ ಬಂದದ್ದು ಸಿಟ್ಟು. ಅವ್ವನ ಮಾತಿಗೆ ತಲೆ ಎತ್ತಿ, ಹುಣಸೆಹಣ್ಣಿನ ಕುಕ್ಕೆಯ ಪಕ್ಕದ ಖಾಲಿ ಜಾಗ ನೋಡಿದೆ. ಅಷ್ಟರಲ್ಲಿ ಅಣ್ಣ ಬನ್ನಿಸೊಪ್ಪು ಹಿಡಿದು ಬಂದ. ಹಿರಿಯರು ಬನ್ನಿ ಕೊಡಬೇಕು, ಕಿರಿಯರು ಕಾಲು ಮುಟ್ಟಿ ತೆಗೆದುಕೊಳ್ಳಬೇಕು, ನಮ್ಮ ಮನೆಯಲ್ಲಿ ಅದು ತಪ್ಪಿದ್ದಿಲ್ಲ. "ಎಳೆದ್ರೆ ಮುರಿಯೋದು ಒಂದು ಬಿಲ್ಲೇನ್ಲಾ?" ಅಂತ ನಗುತ್ತಾ ಕೈ ಮುಂದೆ ಮಾಡಿದ. ಅವ್ವ ಕಣ್ಣಲ್ಲೇ ಬೇಡಿಕೊಂಡಳು. ನಾನು ಬಗ್ಗಿ ಅವನ ಕಾಲು ಮುಟ್ಟಿದೆ, ಬನ್ನಿ ತೆಗೆದುಕೊಂಡೆ.

ದೀಪಾವಳಿ ಮುಗಿದು ಒಣಗಾಳಿ ಬಿಟ್ಟಿತು. ಆಡಿದ ಮಾತಿನಂತೆ ಸಿರಾಕ್ಕೆ ಹೋದೆ. ಮುದುಕ ಜಗಲಿಯ ಮೇಲೆ ಕಾಯುತ್ತಿದ್ದ. ಕ್ಷೌರ ಮಾಡಿಸಿಕೊಂಡಿದ್ದ, ಒಗೆದ ಜುಬ್ಬ ತೊಟ್ಟಿದ್ದ. ಪಕ್ಕದಲ್ಲಿ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಮೊಣಕಾಲಿನ ಮೇಲೆ ಹೊಸ ರೇಷ್ಮೆ ಹೆದೆ, ಎರಡೂ ತುದಿಗೆ ಕುಣಿಕೆ ಹಾಕಿ, ಮೇಣ ತೀಡಿ ಇಟ್ಟುಕೊಂಡಿದ್ದ. "ಬನ್ನಿ ಸಾವ್ಕಾರ್ರೆ, ಇವತ್ತು ಗಾಳಿ ಚೆನ್ನಾಗೈತೆ" ಅಂದ. ನನ್ನ ಕೈಯಲ್ಲಿದ್ದ ಗಂಟನ್ನು ಆಮೇಲೆ ನೋಡಿದ. ಬಿಲ್ಲು ಅಷ್ಟು ಚಿಕ್ಕ ಗಂಟಿನಲ್ಲಿ ಹಿಡಿಯುವುದಿಲ್ಲ ಅಂತ ಅವನಿಗೆ ಹೇಳಬೇಕೇ?

ಬಿಚ್ಚಿ ಅವನ ಮುಂದೆ ಇಟ್ಟೆ. ಬೈಯಲಿ, ನಾಲ್ಕು ಬಾರಿಸಲಿ ಅಂತ ಕಾದೆ. ಅವನು ಬಣ್ಣ ಬಿಟ್ಟ ಬಳ್ಳಿಯ ಮೇಲೆ ಹೆಬ್ಬೆರಳು ಆಡಿಸಿದ. "ತೊಳೆದವ್ರೆ," ಅಂದ. ಕೊಂಬಿನ ಚೂರನ್ನು ತಿರುಗಿಸಿ ನೋಡಿ, "ಉಲ್ಟಾ ಕಟ್ಟವ್ರೆ" ಅಂದ.

"ನಮ್ಮಣ್ಣ, ಸಾಬ್ರೆ. ನಾನು ಊರಲ್ಲಿರಲಿಲ್ಲ" ಅಂದೆ.

ಅಣ್ಣನ ಸುದ್ದಿ ಅವನಿಗೆ ಬೇಕಿರಲಿಲ್ಲ. "ಮುರಿದಾಗ ನೀವಿದ್ರಾ?" ಅಂತ ಕೇಳಿದ. ಇದ್ದೆ ಅಂದೆ. "ಆವಾಜು ಹೆಂಗಿತ್ತು?" ಅಂದ.

ನಾನು ಗಂಟನ್ನು ಮತ್ತೆ ಕಟ್ಟಲು ಹೋದೆ. ಅವನು ಬಿಡಲಿಲ್ಲ. "ಹೇಳಿ ಸಾವ್ಕಾರ್ರೆ. ಅಬ್ಬಾ ಕೈಯಾಗಿನದು ನಾನು ಕೇಳಿದ್ದೆ. ಇದನ್ನ ನೀವು ಕೇಳಿದ್ರಿ. ಹೆಂಗಿತ್ತು?"

"ಒಣಗಿದ ಬಿದಿರು ಬೆಂಕಿಯಲ್ಲಿ ಸಿಡಿಯುತ್ತಲ್ಲ, ಹಾಗೆ" ಅಂದೆ.

ಅವನು ಕಣ್ಣು ಮುಚ್ಚಿಕೊಂಡು, ದೂರದಲ್ಲಿ ಏನೋ ಕೇಳಿಸಿಕೊಳ್ಳುವವನ ಹಾಗೆ ತಲೆ ವಾಲಿಸಿದ. "ಅಲ್ಲ," ಅಂದ ಕೊನೆಗೆ. "ಅಬ್ಬಾದು ಹಂಗಿರಲಿಲ್ಲ." ಹೆದೆಯನ್ನು ಬೆರಳಿಗೆ ಸುತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡ. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋಗಿ, ಒಂದು ಚೆಂಬು ನೀರು ತಂದು ಕೆಂಡದ ಮೇಲೆ ಸುರಿದ.